ಅರ್ಧ ಕಿಲೋಮೀಟರಿನ ನೆಮ್ಮದಿ

ಮನೆಯಿಂದ ಅರ್ಧ ಕಿಲೋಮೀಟರಿನ ಒಳಗೆ ಯಾವ ಕಾರೂ ಕೆಡುವುದಿಲ್ಲ. ಇದು ವಿಜ್ಞಾನದ ನಿಯಮವಲ್ಲ, ವಿಮಾ ಕಂಪನಿಯ ನಿಯಮ. ಆದ್ದರಿಂದ ಇದಕ್ಕೆ ಅಪವಾದಗಳಿಲ್ಲ. ಇಡೀ ಆಯುಷ್ಯವನ್ನು ಹೆಡ್ ಕ್ಲರ್ಕ್ ಆಗಿ ಸವೆಸಿ, ಈಗ ನಮ್ಮ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿರುವ ನಾನು, ಸದರಿ ನಿಯಮ ನಮ್ಮಲ್ಲಿ ಹೇಗೆ ಜಾರಿಗೆ ಬಂತೆಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನಿವೇದಿಸುತ್ತಿದ್ದೇನೆ. ಓದಿ ಕೆಲವರು ನಗಬಹುದು. ಅಂಥವರು ಇನ್ನೂ ಕಾರಿಗೆ ವಿಮೆ ಮಾಡಿಸಿಲ್ಲವೆಂದು ತಿಳಿಯತಕ್ಕದ್ದು.

ನನ್ನ ಪಕ್ಕದ ಮನೆಯವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಸುಳ್ಳು ಹೇಳಲು ಬಾರದ ಮನುಷ್ಯ. ಅವರ ಹಳೆಯ ಕಾರಿನ ಬಣ್ಣ ಯಾವುದೆಂದು ಕೇಳಿದರೂ ‘ನೀಲಿ’ ಎಂದು ಹೇಳಿ ಮುಗಿಸದೆ, ಅದರಲ್ಲಿ ಬೂದಿ ಎಷ್ಟು, ಹಸಿರು ಎಷ್ಟು ಎಂದು ವಿವರಿಸುತ್ತಿದ್ದರು. ಅವರ ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದರು. ಮನೆಯಲ್ಲಿ ಮೂರನೆಯವರು ಆಕೆಯ ತಾಯಿ, ಅಂದರೆ ಮೇಷ್ಟ್ರ ಅತ್ತೆ. ಅವರನ್ನು ಬೀದಿಗೆ ಬೀದಿಯೇ ದೊಡ್ಡಮ್ಮ ಎಂದು ಕರೆಯುತ್ತಿತ್ತು.

ದೊಡ್ಡಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಅವರು ಪೇಪರನ್ನು ತಲೆಬರಹದಿಂದ ಹಿಡಿದು ಕೊನೆಯ ಪುಟದ ಮೂಲೆಯಲ್ಲಿರುವ ಮುದ್ರಕರ ವಿಳಾಸದವರೆಗೆ ಓದುತ್ತಿದ್ದರು. ಈಗ ಅಳಿಯ ಓದಿ ಹೇಳಬೇಕಿತ್ತು. ಮೇಷ್ಟ್ರು ಸುಳ್ಳು ಹೇಳುವವರಲ್ಲವಾದರೂ ಅತ್ತೆಗೆ ಬೇಸರವಾಗುವಂಥದ್ದನ್ನು ಬಿಟ್ಟು ಓದುತ್ತಿದ್ದರು. ಬಿಡುವುದು ಸುಳ್ಳಲ್ಲ ಎಂಬುದು ಅವರ ಅಭಿಪ್ರಾಯ. ದೊಡ್ಡಮ್ಮ ಒಂದು ದಿನ ಕಾಂಪೌಂಡಿನ ಮೇಲಿನಿಂದ ನನ್ನನ್ನು ಕರೆದು, ‘ನಮ್ಮ ಅಳಿಯಂದ್ರು ಓದೋ ಪೇಪರಲ್ಲಿ ಯಾರೂ ಸಾಯೋದೇ ಇಲ್ಲ, ಯಾವುದರ ಬೆಲೆನೂ ಏರೋದಿಲ್ಲ. ನಿಜವಾಗ್ಲೂ ಹಾಗೇನಾ?’ ಎಂದು ಕೇಳಿದ್ದರು. ನಾನು ಆ ವಿಷಯ ನನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿದೆ. ಅವರಿಗೆ ಇದ್ದದ್ದು ಒಂದೇ ಆಸೆ: ಪೇಪರನ್ನು ತಮ್ಮ ಕಣ್ಣಿನಿಂದಲೇ ಓದಿಕೊಂಡು, ಲೋಕ ನಿಜವಾಗಿ ಎಷ್ಟು ಹಾಳಾಗಿದೆಯೆಂದು ಖಾತ್ರಿ ಮಾಡಿಕೊಳ್ಳುವುದು.

ಕಣ್ಣಿನ ದೊಡ್ಡಾಸ್ಪತ್ರೆಯಲ್ಲಿ ಪೊರೆ ತೆಗೆಯುವುದಕ್ಕೆ ಸರದಿ ಇತ್ತು. ಸರದಿ ಬರಲು ಎಷ್ಟು ಕಾಲ ಹಿಡಿಯುತ್ತಿತ್ತೆಂದರೆ, ಕಾದು ಕಾದು ಕೆಲವರಿಗೆ ಕತ್ತಲೆಯೇ ಒಗ್ಗಿಹೋಗಿರುತ್ತಿತ್ತು. ಅಂತೂ ದೊಡ್ಡಮ್ಮನ ಸರದಿ ಬಂತು. ಆಸ್ಪತ್ರೆ ಇರುವುದು ಊರಿನ ಆ ತುದಿಯಲ್ಲಿ. ಬಸ್ಸಿದೆ, ಆದರೆ ಬಸ್ಸಿನ ಕುಲುಕಾಟ ಅತ್ತೆಗೆ ಆಗದು, ಕಾರಿನಲ್ಲೇ ಕರೆದೊಯ್ಯುತ್ತೇನೆ ಎಂದು ಮೇಷ್ಟ್ರು ನಿರ್ಧರಿಸಿದರು. ಕಾರಿನ ವಿಮೆ ಮುಗಿಯುವ ಕಾಲವೂ ಅದೇ ಆಗಿದ್ದರಿಂದ, ಈ ಸಲ ದಾರಿಯಲ್ಲಿ ಕೆಟ್ಟರೆ ಬಂದು ಎತ್ತುವ ಸೌಲಭ್ಯವನ್ನೂ ಸೇರಿಸಿ ಮಾಡಿಸೋಣವೆಂದು ಕಂಪನಿಗೆ ಫೋನು ಮಾಡಿದರು.

ಕಂಪನಿಯಿಂದ ಬಂದ ಸಲಹೆಗಾರನಿಗೆ ನಾವು ನಗುಮುಖ ಎಂದು ಹೆಸರಿಟ್ಟೆವು. ಅವನು ಅಪಘಾತದ ಚಿತ್ರ ತೋರಿಸುವಾಗಲೂ ನಗುತ್ತಿದ್ದ. ಮೇಷ್ಟ್ರ ಮನೆಯ ಊಟದ ಮೇಜಿನ ಮೇಲೆ ಬಣ್ಣದ ಪುಸ್ತಿಕೆಗಳನ್ನು ಹರಡಿ, ಕಂಪನಿಯ ಬಳಿ ‘ನೆಮ್ಮದಿ’, ‘ಪೂರ್ಣ ನೆಮ್ಮದಿ’ ಮತ್ತು ‘ಪರಿಪೂರ್ಣ ನೆಮ್ಮದಿ’ ಎಂಬ ಯೋಜನೆಗಳಿವೆ ಎಂದ. ಬರೀ ನೆಮ್ಮದಿಯಲ್ಲಿ, ಕಾರು ಮನೆಯಿಂದ ಅರ್ಧ ಕಿಲೋಮೀಟರಿನ ಆಚೆ ಎಲ್ಲೇ ಕೆಟ್ಟರೂ ರಸ್ತೆ ರಕ್ಷಕನೊಬ್ಬ ವ್ಯಾನಿನಲ್ಲಿ ಬರುತ್ತಾನೆ. ಪೂರ್ಣ ನೆಮ್ಮದಿಯಲ್ಲಿ ಮನೆಯ ಮುಂದೆ ಕೆಟ್ಟರೂ ಬರುತ್ತಾನೆ. ಪರಿಪೂರ್ಣ ನೆಮ್ಮದಿಯಲ್ಲಿ ಕಾರು ಕೆಡದಿದ್ದರೂ ಆಗಾಗ ಬಂದು ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಾನೆ. ಕಾರಿರುವ ನೆರೆಹೊರೆಯವರೆಲ್ಲ ಅಂದು ಸಂಜೆ ಅಲ್ಲಿ ಸೇರಿದ್ದೆವು. ಒಬ್ಬರು ತೆಗೆದುಕೊಂಡದ್ದನ್ನೇ ಉಳಿದವರೂ ತೆಗೆದುಕೊಳ್ಳುವುದು ನಮ್ಮ ಬೀದಿಯ ಪದ್ಧತಿ.

‘ಮನೆ ಮುಂದೆನೇ ಕೆಟ್ಟರೆ ಏನು ಮಾಡ್ತೀರಿ?’ ಎಂದು ದೊಡ್ಡಮ್ಮ ಮೂಲೆಯಿಂದ ಕೇಳಿದರು.

‘ಮನೆ ಮುಂದೆ ಕೆಟ್ಟರೆ ನಾವು ಮನೇಲೇ ಇರ್ತೀವಲ್ಲ ಅತ್ತೆ’ ಎಂದರು ಮೇಷ್ಟ್ರು. ‘ಮನೆಗೆ ವಾಪಸ್ ಬರೋ ತಾಪತ್ರಯನೇ ಇಲ್ಲ.’

ಈ ವಾದದಲ್ಲಿ ಯಾರಿಗೂ ದೋಷ ಕಾಣಲಿಲ್ಲ. ಎಲ್ಲರೂ ಅಗ್ಗದ ನೆಮ್ಮದಿಗೇ ಸಹಿ ಹಾಕಿದೆವು. ಸಹಿ ಹಾಕುವ ಮುನ್ನ ನಗುಮುಖ ಷರತ್ತುಗಳನ್ನು ಉಸಿರು ಬಿಡದೆ ಓದಿದ. ಅವುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದು: ‘ವಾಹನದಲ್ಲಿನ ದೋಷವನ್ನು ಪಾಲಿಸಿದಾರರು ತಾವಾಗಿ ಹುಡುಕತಕ್ಕದ್ದಲ್ಲ. ಹುಡುಕಿದ್ದು ಕಂಡುಬಂದಲ್ಲಿ ಸೌಲಭ್ಯ ರದ್ದಾಗುವುದು.’ ನಮ್ಮ ಇಲಾಖೆಯಲ್ಲೂ ಇದೇ ನಿಯಮವಿತ್ತು, ಬರೆದಿಟ್ಟಿರಲಿಲ್ಲ ಅಷ್ಟೆ.

ಸರದಿಯ ದಿನ ಬೆಳಿಗ್ಗೆ ದೊಡ್ಡಮ್ಮ ಇಸ್ತ್ರಿಯಾದ ಸೀರೆ ಉಟ್ಟು, ಆಸ್ಪತ್ರೆಯ ಚೀಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಾರಿನಲ್ಲಿ ಕುಳಿತರು. ಮೇಷ್ಟ್ರು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಗೊರಗೊರ ಎಂದಿತು, ಸುಮ್ಮನಾಯಿತು. ಇಂಥ ಹೊತ್ತಿನಲ್ಲಿ ವಿಮೆಯಿಲ್ಲದವರು ಬಾನೆಟ್ ತೆರೆಯುತ್ತಾರೆ, ವಿಮೆಯಿರುವವರು ಪುಸ್ತಿಕೆ ತೆರೆಯುತ್ತಾರೆ. ಮೇಷ್ಟ್ರು ಪುಸ್ತಿಕೆ ತೆರೆದು ಸಹಾಯವಾಣಿಗೆ ಫೋನು ಮಾಡಿದರು. ಬೀದಿಯವರೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದ್ದರು.

‘ಸರ್, ನಿಮ್ಮ ಕಾರು ಈಗ ಎಲ್ಲಿದೆ?’ ಎಂದಳು ಆ ಕಡೆಯ ಹುಡುಗಿ.

‘ಮನೆ ಮುಂದೆ.’

‘ಹಾಗಾದ್ರೆ ಅದು ಕೆಟ್ಟಿಲ್ಲ ಸರ್. ನಿಂತಿದೆ.’

‘ಸ್ಟಾರ್ಟ್ ಆಗ್ತಿಲ್ಲಮ್ಮ.’

‘ಅರ್ಧ ಕಿಲೋಮೀಟರ್ ಆಚೆ ಸ್ಟಾರ್ಟ್ ಆಗದಿದ್ರೆ ಕೆಟ್ಟಿದೆ ಅಂತ ಸರ್. ಅಲ್ಲಿವರೆಗೂ ನಿಂತಿದೆ ಅಂತಾನೇ ಲೆಕ್ಕ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?’

ಬೇರೆ ಸಹಾಯವೇನೂ ಬೇಕಿರಲಿಲ್ಲ. ಕಾರನ್ನು ಅರ್ಧ ಕಿಲೋಮೀಟರ್ ಆಚೆಗೆ ಮುಟ್ಟಿಸಬೇಕಿತ್ತು, ಅಷ್ಟೆ. ಎದುರು ಮನೆಯ ನಿವೃತ್ತ ಸರ್ವೇಯರು ಅಳತೆಯ ಸರಪಣಿ ಹಿಡಿದುಕೊಂಡು ಓಡಿ ಬಂದರು. ಪಿಂಚಣಿಗೆ ಬಂದ ಮೇಲೆ ಅವರನ್ನು ಯಾರೂ ಏನನ್ನೂ ಅಳೆಯಲು ಕರೆದಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದೆ. ಮನೆ ಎಂದರೆ ಎಲ್ಲಿಂದ, ಮಲಗುವ ಕೋಣೆಯಿಂದಲೋ, ಹೊಸ್ತಿಲಿನಿಂದಲೋ, ಗೇಟಿನಿಂದಲೋ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಗೇಟಿನಿಂದ ಎಂದು ತೀರ್ಮಾನಿಸಿ, ಸರ್ವೇಯರು ಮುಂದೆ ಮುಂದೆ ಅಳೆಯುತ್ತಾ, ನಾವು ಹಿಂದೆ ತಳ್ಳುತ್ತಾ, ದೊಡ್ಡಮ್ಮ ಒಳಗೆ ಕುಳಿತು, ಇಳಿಜಾರಿನಲ್ಲಿ ಹೊರಟೆವು. ಅರ್ಧ ಕಿಲೋಮೀಟರು ಸರಿಯಾಗಿ ಕ್ಷೌರದಂಗಡಿಯ ಮುಂದೆ ಮುಗಿಯಿತು. ಅದರ ಪಕ್ಕವೇ ಬಸ್ ಸ್ಟಾಪು.

ಅಷ್ಟರಲ್ಲಿ ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಸದ್ದಿನಲ್ಲೇ ಗುರುತು ಹಿಡಿದ ದೊಡ್ಡಮ್ಮ ಇದರಲ್ಲೇ ಹೋಗಿಬಿಡೋಣ ಎಂದರು. ಮೇಷ್ಟ್ರು ಒಪ್ಪಲಿಲ್ಲ. ವಿಮೆ ಮಾಡಿಸದವರು ಬಸ್ಸಿನಲ್ಲಿ ಹೋದರೆ ಅದು ಪ್ರಯಾಣ, ಮಾಡಿಸಿದವರು ಹೋದರೆ ಅದು ನಷ್ಟ ಎಂದು ಅವರು ಅತ್ತೆಗೆ ತಾಳ್ಮೆಯಿಂದ ತಿಳಿಸಿಕೊಟ್ಟರು. ಬಸ್ಸು ಹೊರಟುಹೋಯಿತು.

ರಸ್ತೆ ರಕ್ಷಕ ಬಂದ. ಕಿತ್ತಳೆ ಬಣ್ಣದ ಕೋಟು, ಒಳ್ಳೆಯ ಮನುಷ್ಯನ ಮುಖ. ಅವನು ಕಾರಿನ ಕಡೆಗೆ ನೋಡುವ ಮೊದಲು ಕ್ರಮದ ಪ್ರಕಾರ ಒಂದು ಪ್ರಶ್ನೆ ಕೇಳಿದ.

‘ಕಾರು ಇಲ್ಲಿಗೆ ಹೇಗೆ ಬಂತು ಸಾರ್?’

‘ತಳ್ಕೊಂಡು ಬಂದ್ವಿ’ ಎಂದರು ಮೇಷ್ಟ್ರು.

ರಕ್ಷಕ ಪೆನ್ನಿನ ಮುಚ್ಚಳ ಹಾಕಿದ. ‘ಹೇಳಬಾರದಿತ್ತು ಸಾರ್’ ಎಂದ, ನಿಜವಾದ ಮರುಕದಿಂದ. ತಳ್ಳಿಕೊಂಡು ಬಂದದ್ದೇ ಆದರೆ ಕಾರು ಮನೆಯ ಮುಂದೆ ನಿಂತಿತ್ತು; ನಿಂತ ಕಾರನ್ನು ನೀವು ಬೇರೆ ಕಡೆ ನಿಲ್ಲಿಸಿದ್ದೀರಿ; ಇದರಲ್ಲಿ ಕೆಡುವಿಕೆ ಎಲ್ಲೂ ಬರುವುದಿಲ್ಲ ಎಂದು ವಿವರಿಸಿದ. ಈಗ ಪ್ರಕರಣ ಮುಖ್ಯ ಕಚೇರಿಗೆ ಹೋಗುತ್ತದೆ, ಅಲ್ಲಿಂದ ತೀರ್ಮಾನ ಬರುವ ತನಕ ಕಾರನ್ನು ಯಾರೂ ಮುಟ್ಟಕೂಡದು ಎಂದು ಹೇಳಿ, ಬಾನೆಟ್ಟಿಗೆ ಕಂಪನಿಯ ಚೀಟಿ ಅಂಟಿಸಿ ಹೊರಟುಹೋದ.

ದೊಡ್ಡಮ್ಮನ ಸರದಿ ತಪ್ಪಿತು. ಫೋನು ಮಾಡಿ ಕೇಳಿದ್ದಕ್ಕೆ ಆಸ್ಪತ್ರೆಯವರು, ಉಳಿದವರದೆಲ್ಲ ಮುಗಿದ ಮೇಲೆ ಮತ್ತೆ ಬರುತ್ತದೆ ಎಂದರು. ದೊಡ್ಡಮ್ಮ ಯಾರನ್ನೂ ಬಯ್ಯಲಿಲ್ಲ. ಮರುದಿನ ಮೇಷ್ಟ್ರು ಪೇಪರು ಹಿಡಿದುಕೊಂಡು ಎದುರು ಕುಳಿತಾಗ ಮಾತ್ರ, ಇವತ್ತಿನಿಂದ ಓದಬೇಡಿ ಎಂದರಂತೆ. ಇದನ್ನು ಕೇಳಿ ನನಗೆ ಬಹಳ ಬೇಸರವಾಯಿತು. ಬೇಸರವಾದಾಗ ನಾನು ಸಭೆ ಕರೆಯುತ್ತೇನೆ.

ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿದ ಠರಾವನ್ನು ನಾನೇ ಬರೆದೆ: ‘ಸದಸ್ಯರ ಕಾರು ಮನೆಯ ಮುಂದೆ ಸ್ಟಾರ್ಟ್ ಆಗದಿದ್ದಲ್ಲಿ, ಸದರಿ ಕಾರು ಪ್ರಯಾಣಕ್ಕೆ ಹೊರಟಿದೆಯೆಂದು ಭಾವಿಸತಕ್ಕದ್ದು. ಸದರಿ ಪ್ರಯಾಣದಲ್ಲಿ ಇಂಜಿನಿಗೆ ಬದಲಾಗಿ ಸದಸ್ಯರ ಸಹಕಾರವನ್ನು ಬಳಸಲು ಅಡ್ಡಿಯಿಲ್ಲ. ತಳ್ಳುವುದು ಎಂಬ ಪದವನ್ನು ಇನ್ನು ಮುಂದೆ ಯಾರೂ ಆಡಕೂಡದು. ಅದರ ಬದಲು ಬೀಳ್ಕೊಡುವುದು ಎನ್ನತಕ್ಕದ್ದು.’ ಮೇಷ್ಟ್ರು ಇದು ಸುಳ್ಳಾಗುವುದಿಲ್ಲವೇ ಎಂದು ಕೇಳಿದರು. ಹಿಂದಿನಿಂದ ಕೈಯಿಟ್ಟು ಮುಂದಕ್ಕೆ ಕಳುಹಿಸುವುದು ಬೀಳ್ಕೊಡುಗೆಯೇ ತಾನೆ, ನನ್ನ ಕಚೇರಿಯವರೂ ನನ್ನನ್ನು ಹಾಗೆಯೇ ಕಳುಹಿಸಿದ್ದು ಎಂದೆ. ಅವರಿಗೆ ಸಮಾಧಾನವಾಯಿತು.

ಸರ್ವೇಯರು ಕ್ಷೌರದಂಗಡಿಯ ಮುಂದೆ ರಸ್ತೆಗೆ ಅಡ್ಡಲಾಗಿ ಬಿಳಿ ಗೆರೆ ಎಳೆದರು. ಬೀಳ್ಕೊಡುಗೆಗೆ ಸರದಿ ಹಾಕಿದೆವು. ಅಲ್ಲಿಂದ ಮುಂದೆ ಯಾರ ಕಾರಿಗೆ ಏನೇ ಆದರೂ, ಬ್ಯಾಟರಿ ಸತ್ತರೂ, ಟಯರು ಕೂತರೂ, ಎಲ್ಲರೂ ಸೇರಿ ಗೆರೆ ದಾಟಿಸುತ್ತಿದ್ದೆವು. ರಕ್ಷಕ ಬಂದು ‘ಹೇಗೆ ಬಂತು?’ ಎನ್ನುತ್ತಿದ್ದ, ‘ಬೀಳ್ಕೊಟ್ಟರು, ಬಂತು’ ಎನ್ನುತ್ತಿದ್ದೆವು, ಅವನು ಬರೆದುಕೊಂಡು ರಿಪೇರಿ ಮಾಡಿ ಹೋಗುತ್ತಿದ್ದ. ಬೆಳಿಗ್ಗೆ ಬೀದಿಯಲ್ಲಿ ಹೆಂಗಸರು ‘ಇವತ್ತು ಯಾರ ಮನೇದು ಬೀಳ್ಕೊಡುಗೆ?’ ಎಂದು ವಿಚಾರಿಸಿಕೊಳ್ಳತೊಡಗಿದರು. ಗಂಡಸರ ಹೊಟ್ಟೆ ಕರಗಿತು. ರಕ್ಷಕನಿಗೆ ಕಾಯುವವರೆಲ್ಲ ಸುಮ್ಮನೆ ಕೂರುವ ಬದಲು ಕೂದಲು ಕತ್ತರಿಸಿಕೊಳ್ಳುತ್ತಿದ್ದುದರಿಂದ ಕ್ಷೌರದಂಗಡಿಯವರು ಎರಡನೆಯ ಕುರ್ಚಿ ತರಿಸಿದರು. ನಮ್ಮ ಬೀದಿಯ ಗಂಡಸರು ಇಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ಕಂಡಿರಲಿಲ್ಲ. ಮೇಷ್ಟ್ರ ಕಾರು ಮಾತ್ರ ಚೀಟಿ ಅಂಟಿಸಿಕೊಂಡು ಅಂಗಡಿಯ ಮುಂದೆಯೇ ನಿಂತಿತ್ತು, ಪ್ರಕರಣ ವಿಚಾರಣೆಯಲ್ಲಿದ್ದುದರಿಂದ.

ಕ್ರಮೇಣ ಕಂಪನಿಯ ನಕ್ಷೆಯಲ್ಲಿ ನಮ್ಮ ಕ್ಷೌರದಂಗಡಿ ಇರುವ ಜಾಗ ಕೆಂಪಗಾಯಿತು. ಮುಖ್ಯ ಕಚೇರಿಯ ಒಬ್ಬ ಅಧಿಕಾರಿ ಬಂದು, ದೇಶದಲ್ಲೇ ಇಷ್ಟು ಕಾರುಗಳು ಒಂದೇ ಜಾಗದಲ್ಲಿ ಕೆಟ್ಟ ಉದಾಹರಣೆ ಇಲ್ಲವೆಂದು ಹೇಳಿ, ಅಲ್ಲೊಂದು ಫಲಕ ನೆಡಿಸಿದರು: ‘ವಾಹನ ಕೆಡುವ ವಲಯ. ಎಚ್ಚರಿಕೆಯಿಂದ ಚಲಿಸಿ.’ ಪುರಸಭೆಯವರು ಮಣ್ಣು ಅಗೆದು ಪರೀಕ್ಷೆಗೆ ಒಯ್ದರು. ಮಣ್ಣಿನಲ್ಲಿ ದೋಷವಿಲ್ಲ, ಬಹುಶಃ ಗಾಳಿಯಲ್ಲಿರಬೇಕು ಎಂದು ವರದಿ ಬಂತು. ಬೇರೆ ಬೀದಿಯವರು ಆ ಜಾಗ ಬಂದಾಗ ಕಿಟಕಿಯ ಗಾಜು ಏರಿಸಿಕೊಂಡು ಉಸಿರು ಬಿಗಿಹಿಡಿದು ದಾಟತೊಡಗಿದರು.

ತಾಪತ್ರಯ ಬಂದದ್ದು ಆಮೇಲೆ. ಹೇಗೂ ಬೆಳಿಗ್ಗೆ ಇಲ್ಲಿಗೇ ತರಬೇಕಲ್ಲ ಎಂದು ನಮ್ಮಲ್ಲಿ ಹಲವರು ಕಾರನ್ನು ರಾತ್ರಿಯೂ ಕ್ಷೌರದಂಗಡಿಯ ಮುಂದೆಯೇ ಬಿಡಲಾರಂಭಿಸಿದ್ದೆವು. ಅಧಿಕಾರಿ ಇದನ್ನು ಗಮನಿಸಿದರು. ಮೇಷ್ಟ್ರ ಕಾರನ್ನು ತೋರಿಸಿ, ಇದು ಇಲ್ಲಿ ಏನು ಮಾಡುತ್ತಿದೆ ಎಂದು ಅಂಗಡಿಯವರನ್ನು ಕೇಳಿದರು. ಅಂಗಡಿಯವರು ಅಭಿಮಾನದಿಂದ, ‘ಇಲ್ಲೇ ಮಲಗುತ್ತೆ ಸಾರ್, ನಮ್ಮ ಮನೆ ಮಗು ಇದ್ದ ಹಾಗೆ’ ಎಂದರು. ಅವರು ತಪ್ಪೇನೂ ಹೇಳಲಿಲ್ಲ, ಪ್ರೀತಿಯಿಂದ ಹೇಳಿದರು.

ಕೆಲವು ದಿನಗಳಲ್ಲಿ ಸುತ್ತೋಲೆ ಬಂತು. ವಾಹನವು ರಾತ್ರಿ ತಂಗುವ ಸ್ಥಳವೇ ವಾಹನದ ಮನೆಯೆಂದೂ, ಪಾಲಿಸಿದಾರರು ಎಲ್ಲಿ ಮಲಗುತ್ತಾರೆಂಬುದು ಕಂಪನಿಗೆ ಅಪ್ರಸ್ತುತವೆಂದೂ, ಆದ್ದರಿಂದ ಇನ್ನು ಮುಂದೆ ಸದರಿ ಬೀದಿಯ ಎಲ್ಲ ಕಾರುಗಳ ಮನೆ ಕ್ಷೌರದಂಗಡಿಯೆಂದೂ, ಅಲ್ಲಿಂದ ಅರ್ಧ ಕಿಲೋಮೀಟರಿನ ಒಳಗೆ ಅವು ಕೆಡುವಂತಿಲ್ಲವೆಂದೂ ಅದರಲ್ಲಿತ್ತು. ಮೇಷ್ಟ್ರ ಕಾರಿನ ವಿಳಾಸ ಬದಲಾದ ಕಾರಣ ಅದರ ಹಳೆಯ ಪ್ರಕರಣ ಬಿದ್ದುಹೋಯಿತೆಂದೂ, ಬೇಕಿದ್ದರೆ ಹೊಸದಾಗಿ ಕೆಡಬಹುದೆಂದೂ ಕೊನೆಯಲ್ಲಿ ಬರೆದಿತ್ತು. ನಾನು ಸುತ್ತೋಲೆಯನ್ನು ಸಭೆಯಲ್ಲಿ ಓದಿದಾಗ ಎಲ್ಲರ ಮುಖ ಇಳಿದುಹೋಯಿತು. ಇಷ್ಟು ದಿನ ಪಟ್ಟ ಶ್ರಮ ನೀರಿನಲ್ಲಿ ಹೋಮವಾಯಿತೆಂದು ಕೆಲವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಸರ್ವೇಯರು ಮಾತ್ರ ಎದ್ದು ನಿಂತರು. ‘ಕ್ಷೌರದಂಗಡಿಯಿಂದ ಅರ್ಧ ಕಿಲೋಮೀಟರ್ ಅಂದ್ರೆ ಎಲ್ಲಿಗೆ ಬರುತ್ತೆ ಹೇಳಿ’ ಎಂದರು.

ಉತ್ತರಕ್ಕೆ ಕಾಯದೆ ಸರಪಣಿಯನ್ನು ಮೇಲೆತ್ತಿ ತೋರಿಸಿದರು.

‘ಮೇಷ್ಟ್ರ ಗೇಟಿಗೆ.’

ಸಭೆಯಲ್ಲಿ ದೊಡ್ಡ ನಿಟ್ಟುಸಿರು ಎದ್ದಿತು. ಅವರು ಮೊದಲ ದಿನ ಅಳತೆ ಶುರುಮಾಡಿದ್ದು ಆ ಗೇಟಿನಿಂದಲೇ. ಸರಪಣಿ ಎತ್ತಲಿಂದ ಹಿಡಿದರೂ ಉದ್ದ ಅಷ್ಟೇ. ಆ ದಿನದಿಂದ ನಮ್ಮ ಕಾರುಗಳು ರಾತ್ರಿ ಕ್ಷೌರದಂಗಡಿಯಲ್ಲಿ ತಂಗಿ, ಕೆಡಬೇಕಾದಾಗ ನಮ್ಮ ಬೀದಿಗೆ ಬಂದು ಮೇಷ್ಟ್ರ ಗೇಟಿನ ಮುಂದೆ ಕೆಡುವಂತಾಯಿತು. ಬರುವಾಗ ಏರು ದಾರಿಯಾದ್ದರಿಂದ ಸ್ವಲ್ಪ ಹೆಚ್ಚು ಸದಸ್ಯರು ಬೇಕಾಗುತ್ತಿತ್ತು. ಈ ದಿಕ್ಕಿನಲ್ಲಿ ತಳ್ಳುವುದಕ್ಕೆ ‘ಬರಮಾಡಿಕೊಳ್ಳುವುದು’ ಎಂದು ಹೆಸರಿಟ್ಟೆ. ದೊಡ್ಡಮ್ಮ ಅಂದು ಸಭೆಯ ಬಾಗಿಲಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡವರು, ಕಾರನ್ನು ಮೊದಲೇ ಮನೆ ಮುಂದೆ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದರು. ಹಾಗೆ ಬಿಟ್ಟರೆ ಅದು ನಿಂತ ಹಾಗಾಗುತ್ತದೆ ಎಂದು ನಾಲ್ಕು ಜನ ಒಟ್ಟಿಗೆ ಹೇಳಿದೆವು.

ಹೀಗಿರುವಾಗ ದೊಡ್ಡಮ್ಮನ ಸರದಿ ಎರಡನೆಯ ಸಲ ಬಂತು. ಈ ಸಲವೂ ತಪ್ಪಿದರೆ ಹೆಸರನ್ನೇ ತೆಗೆದುಹಾಕುತ್ತೇವೆ ಎಂದು ಆಸ್ಪತ್ರೆಯವರು ಖಂಡಿತವಾಗಿ ಹೇಳಿದ್ದರು. ಮೇಷ್ಟ್ರು ಹಿಂದಿನ ದಿನವೇ ಮಂಕಾಗಿ ಓಡಾಡುತ್ತಿದ್ದರು. ಅತ್ತೆಗೆ ತನ್ನಿಂದಲೇ ಕತ್ತಲಾಯಿತು ಎಂಬ ಕೊರಗು ಅವರನ್ನು ತಿನ್ನುತ್ತಿತ್ತು. ಈ ಬಾರಿ ಎಲ್ಲವೂ ನಿಯಮದ ಪ್ರಕಾರ ನಡೆಯುತ್ತದೆ, ಸಂಘ ನಿಮ್ಮ ಬೆನ್ನಿಗಿದೆ ಎಂದು ನಾನು ಧೈರ್ಯ ಹೇಳಿದೆ.

ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಪ್ರಯಾಣಿಕರಿಲ್ಲದ ಕಾರು ಪ್ರಯಾಣಿಸಿದಂತಾಗದ ಕಾರಣ, ದೊಡ್ಡಮ್ಮ ಮಗಳ ಕೈಹಿಡಿದು ಅರ್ಧ ಕಿಲೋಮೀಟರ್ ನಡೆದು ಕ್ಷೌರದಂಗಡಿಗೆ ಹೋಗಿ ಕಾರಿನಲ್ಲಿ ಕುಳಿತರು. ಮಗಳೂ ಕುಳಿತರು. ಅವರನ್ನು ನಾವು ಬೆವರು ಸುರಿಸಿ, ಅವರು ಈಗ ತಾನೆ ಹೊರಟು ಬಂದಿದ್ದ ಮನೆಯ ಮುಂದೆಯೇ ಬರಮಾಡಿಕೊಂಡೆವು. ರಕ್ಷಕ ಬಂದ. ಕಾರು ಹೇಗೆ ಬಂತೆಂದು ಕೇಳಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ‘ಬರಮಾಡ್ಕೊಂಡ್ವಿ’ ಎಂದರು. ರಕ್ಷಕ ಸಂತೋಷದಿಂದ ಬರೆದುಕೊಂಡು, ಕಾರು ಕೆಟ್ಟಿದೆ ಎಂದು ಅಧಿಕೃತವಾಗಿ ಘೋಷಿಸಿದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ರಿಪೇರಿಯನ್ನು ಇಂದೇ ಮಾಡುವಂತಿಲ್ಲ, ಹಳೆಯ ಚೀಟಿ ತೆಗೆಯಲು ಬೇರೆ ಅನುಮತಿ ಬೇಕು ಎಂದ ರಕ್ಷಕ, ಆದರೆ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರನ್ನು ಕಂಪನಿ ಎಂದಿಗೂ ಕೈಬಿಡುವುದಿಲ್ಲ, ತನ್ನ ವ್ಯಾನಿನಲ್ಲೇ ತಲುಪಿಸುತ್ತೇನೆ ಎಂದ. ಮೇಷ್ಟ್ರ ಮುಖ ಅರಳಿತು. ತಾಯಿ ಮಗಳು ವ್ಯಾನು ಹತ್ತಿದರು.

‘ಆಸ್ಪತ್ರೆಗೆ ತಾನೆ?’ ಎಂದರು ದೊಡ್ಡಮ್ಮ.

‘ಮನೆಗಮ್ಮ. ನಿಮ್ಮ ಯೋಜನೆಯಲ್ಲಿ ಮನೆಗೆ ಮಾತ್ರ ಇರೋದು.’

ಹಾಗೆಂದು ಅವನು ಅವರನ್ನು ಅವರ ಮನೆಯ ಮುಂದಿನಿಂದ ಕೂರಿಸಿಕೊಂಡು ಹೋಗಿ, ಕ್ಷೌರದಂಗಡಿಯ ಮುಂದೆ ಇಳಿಸಿ, ಮನೆ ಬಂತೆಂದು ಕೈಮುಗಿದು ಹೊರಟುಹೋದ. ಆಗ ಬಸ್ಸು ಬಂತಂತೆ. ಮೇಷ್ಟ್ರ ಹೆಂಡತಿ ಯಾರನ್ನೂ ಕೇಳಲಿಲ್ಲ. ಯಾವ ಕಾಗದ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹಾಕಿ ಕೈ ಪಳಗಿದವರು, ತಾಯಿಯನ್ನೂ ಹಾಗೆಯೇ ಬಸ್ಸಿಗೆ ಹತ್ತಿಸಿಬಿಟ್ಟರು. ನಾವು ಗೇಟಿನ ಮುಂದೆ ಮುಂದಿನ ಕ್ರಮದ ಬಗ್ಗೆ ಚರ್ಚಿಸುತ್ತಿದ್ದಾಗಲೇ ದೊಡ್ಡಮ್ಮನ ಒಂದು ಕಣ್ಣಿನ ಪೊರೆ ತೆಗೆದಾಗಿತ್ತು. ಸಂಘದ ಅನುಮತಿಯಿಲ್ಲದೆ ನಡೆದ ಈ ಪ್ರಯಾಣವನ್ನು ನಾನು ನಡಾವಳಿಯಲ್ಲಿ ಸೇರಿಸಲಿಲ್ಲ. ಕಂಪನಿ ಮಾತ್ರ ತನ್ನ ಪತ್ರಿಕೆಯಲ್ಲಿ ದೊಡ್ಡಮ್ಮನ ಫೋಟೋ ಹಾಕಿ, ತನ್ನ ನೆಮ್ಮದಿ ಯೋಜನೆಯಿಂದ ಹಿರಿಯ ಜೀವವೊಂದು ಬೆಳಕು ಕಂಡಿತೆಂದು ಬರೆಯಿತು. ನಗುಮುಖ ಆ ಪುಟವನ್ನು ಚೌಕಟ್ಟು ಹಾಕಿಸಿ ತಂದುಕೊಟ್ಟ.

ಕಣ್ಣಿನ ಪಟ್ಟಿ ಬಿಚ್ಚಿದ ದಿನದಿಂದ ದೊಡ್ಡಮ್ಮ ಓದಿದ್ದೇ ಓದಿದ್ದು. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ಪೇಪರು, ಔಷಧಿ ಡಬ್ಬದ ಮೇಲಿನ ಬರಹ, ಗೋಡೆಯ ಜಾಹೀರಾತು, ಏನು ಸಿಕ್ಕರೂ ಓದುತ್ತಿದ್ದರು. ಸತ್ತವರ ಸುದ್ದಿಯನ್ನಂತೂ ಹಳೆಯ ಪೇಪರುಗಳನ್ನೆಲ್ಲ ತೆಗೆಸಿ ಬಾಕಿ ಓದಿ ಮುಗಿಸಿದರು. ಲೋಕ ತಾವು ಅಂದುಕೊಂಡದ್ದಕ್ಕಿಂತ ಹಾಳಾಗಿದೆ ಎಂದು ತಿಳಿದು ಅವರಿಗೆ ಎಷ್ಟು ಗೆಲುವಾಯಿತೆಂದು ಹೇಳಲಾರೆ.

ಅಂತೂ ಚೀಟಿ ತೆಗೆಯಲು ಅನುಮತಿ ಬಂತು. ರಾತ್ರಿ ಕ್ಷೌರದಂಗಡಿಯಲ್ಲೇ ತಂಗುತ್ತಿದ್ದ ಕಾರನ್ನು ರಿಪೇರಿಯ ದಿನ ಮತ್ತೆ ಗೇಟಿನ ಮುಂದೆ ತಂದಿದ್ದೆವು. ರಕ್ಷಕ ಬಂದು, ಕೆಟ್ಟಾಗ ಯಾರಿದ್ದರೋ ಅವರೇ ಕಾರಿನಲ್ಲಿರಬೇಕೆಂದು ಹೇಳಿದ. ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕುಳಿತರು. ಮಗಳು ಹಿಂದೆ ಕುಳಿತರು. ಕಾರು ಕೆಟ್ಟಿರುವುದನ್ನು ರಕ್ಷಕನಿಗೆ ತೋರಿಸಲು ಮೇಷ್ಟ್ರು ಕೀಲಿ ತಿರುಗಿಸಿದರು. ಬೀದಿಯವರೆಲ್ಲ ಗೇಟಿನ ಮುಂದೆ ಸೇರಿದ್ದೆವು.

‘ಅಳಿಯಂದ್ರೇ, ಇದೇನು ಕೆಂಪು ದೀಪ?’ ಎಂದರು ದೊಡ್ಡಮ್ಮ, ಸ್ಟಿಯರಿಂಗಿನ ಹಿಂದಕ್ಕೆ ಬಗ್ಗಿ ನೋಡುತ್ತಾ.

‘ಅದು ಯಾವಾಗ್ಲೂ ಉರಿಯುತ್ತೆ ಅತ್ತೆ.’

‘ಪಕ್ಕದಲ್ಲಿ ಪೆಟ್ರೋಲ್ ಬಂಕಿನ ಚಿತ್ರ ಇದೆಯಲ್ಲ. ಮುಳ್ಳು ನೋಡಿದ್ರೆ ತಳದಲ್ಲಿ ಮಲಗಿದೆ.’

ಡ್ರಾಯಿಂಗ್ ಮೇಷ್ಟ್ರಾಗಿ ಅವರು ಆ ಚಿತ್ರವನ್ನು ಹಿಂದೆಯೇ ಗಮನಿಸಿದ್ದರು. ರೇಖೆಯಲ್ಲಿ ಜೀವವಿಲ್ಲ ಎಂದುಕೊಂಡು ಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರ ಹೆಂಡತಿ ನಿಧಾನವಾಗಿ, ಮೊದಲನೆಯ ಸರದಿಯ ಹಿಂದಿನ ವಾರ ತನ್ನ ತಮ್ಮ ಕಾರು ಕೇಳಿ ತೆಗೆದುಕೊಂಡು ಹೋಗಿ ಊರೂರು ಸುತ್ತಿ ತಂದು ಬಿಟ್ಟದ್ದನ್ನು ನೆನಪಿಸಿಕೊಂಡರು. ಕಾರಿಗೆ ಏನೂ ಆಗಿರಲಿಲ್ಲ. ಅದಕ್ಕೆ ಪೆಟ್ರೋಲಿರಲಿಲ್ಲ.

ರಕ್ಷಕ ಪುಸ್ತಿಕೆ ತೆರೆದು ತಗ್ಗಿದ ದನಿಯಲ್ಲಿ, ಪೆಟ್ರೋಲು ಇಲ್ಲದಿರುವುದು ದೋಷವಲ್ಲ, ಅಭಾವ ಎಂದು ಓದಿದ. ದೋಷವಿಲ್ಲದ ಕಾರು ಕೆಟ್ಟಿರಲಿಲ್ಲ. ಕೆಟ್ಟಿರದ ಕಾರನ್ನು ಕೆಟ್ಟಿದೆಯೆಂದು ಅವನೇ ಘೋಷಿಸಿದ್ದ. ಆ ಕಾರನ್ನು ನೋಡಿಯೇ ಕಂಪನಿ ಕ್ಷೌರದಂಗಡಿಯನ್ನು ಮನೆ ಮಾಡಿತ್ತು. ಇದು ಬಿದ್ದರೆ ಸುತ್ತೋಲೆ ಬೀಳುತ್ತದೆ, ಸುತ್ತೋಲೆ ಬಿದ್ದರೆ ಬೀದಿಯಲ್ಲಿ ಆದ ರಿಪೇರಿಗಳೆಲ್ಲ ಮರುವಿಚಾರಣೆಗೆ ಬರುತ್ತವೆ. ರಕ್ಷಕನಿಗೆ ಆ ತಿಂಗಳು ಬಡ್ತಿಯಾಗುವುದಿತ್ತು. ಕ್ಷೌರದಂಗಡಿಯವರು ಮೂರನೆಯ ಕುರ್ಚಿಗೆ ಮುಂಗಡ ಕೊಟ್ಟಿದ್ದರು. ಸರ್ವೇಯರು ಕೈಯಲ್ಲಿದ್ದ ಸರಪಣಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು.

ನಾನು ಅಲ್ಲೇ ತುರ್ತು ಸಭೆ ಕರೆದೆ. ಪಾಲಿಸಿದಾರರು ದೋಷ ಹುಡುಕಬಾರದು ಎಂದಿದೆ, ಅವರ ಅತ್ತೆಯ ಬಗ್ಗೆ ಏನೂ ಹೇಳಿಲ್ಲ ಎಂದು ಯಾರೋ ಗೊಣಗಿದರು. ಕಂಡದ್ದು ಕಂಡಾಯಿತಲ್ಲ ಎಂದು ಮೇಷ್ಟ್ರು ದುಃಖದಿಂದ ಹೇಳಿದರು. ಪ್ರಶ್ನೆ ಏನು ಕಂಡಿತು ಎಂಬುದಲ್ಲ, ಯಾವ ಕಣ್ಣಿಗೆ ಕಂಡಿತು ಎಂಬುದು ಎಂದು ನಾನು ಸಭೆಯ ಗಮನಕ್ಕೆ ತಂದು, ಠರಾವು ಬರೆದು ಓದಿದೆ: ‘ಶಸ್ತ್ರಚಿಕಿತ್ಸೆಯಾದ ಕಣ್ಣು ಸಂಪೂರ್ಣ ಸ್ಥಿರವಾಗುವ ತನಕ ಅದಕ್ಕೆ ಕಂಡದ್ದನ್ನು ಕಂಡದ್ದೆಂದು ಪರಿಗಣಿಸತಕ್ಕದ್ದಲ್ಲ.’ ಎಲ್ಲರೂ ಕೈ ಎತ್ತಿದರು. ಮೇಷ್ಟ್ರ ಕೈ ಅರ್ಧ ಎದ್ದಿತು. ಇನ್ನು ಬೇಕಿದ್ದದ್ದು ದೊಡ್ಡಮ್ಮನ ಒಪ್ಪಿಗೆ.

ದೊಡ್ಡಮ್ಮ ಕಾರಿನಿಂದಿಳಿಯದೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಎಷ್ಟೋ ಕಾಲದಿಂದ ದನಿಯಲ್ಲೇ ಪರಿಚಯವಿದ್ದ ನಮ್ಮ ಮುಖಗಳನ್ನು ಅವರು ಹೀಗೆ ಹತ್ತಿರದಿಂದ ನೋಡಿದ್ದು ಅಂದೇ. ಸರ್ವೇಯರ ಎದೆಗಂಟಿದ ಸರಪಣಿಯನ್ನು ನೋಡಿದರು. ಅಂಗಡಿಯವರ ಹೆಗಲಿನ ಹೊಸ ಟವೆಲನ್ನು ನೋಡಿದರು. ಅಳಿಯನ ತಲೆಯ ಮೇಲೆ ಅವರ ದೃಷ್ಟಿ ಬಹಳ ಹೊತ್ತು ನಿಂತಿತು. ಪೇಪರಿನಲ್ಲೇ ಮುಳುಗಿದ್ದ ಅವರು, ಅದು ಪೂರ್ತಿ ನೆರೆತುಹೋಗಿರುವುದನ್ನು ಇಷ್ಟು ದಿನ ಗಮನಿಸಿರಲಿಲ್ಲ. ನನಗೆ ಅವರ ಮುಖ ನೋಡಲು ಯಾಕೋ ನಾಚಿಕೆಯಾಗಿ, ಕಾಗದದ ಮೇಲೆ ತಾರೀಖು ಬರೆಯುತ್ತಾ ನಿಂತೆ.

‘ಎಷ್ಟು ದಿನ ನೋಡಬಾರದು?’ ಎಂದು ಕೇಳಿದರು.

‘ಪಾಲಿಸಿ ವರ್ಷ ಮುಗಿಯೋ ತನಕ, ದೊಡ್ಡಮ್ಮ.’

‘ಪೇಪರು?’

‘ಪೇಪರು ಓದಬಹುದು. ಕಾರೊಳಗೆ ಮಾತ್ರ ಏನೂ ಕಾಣಬಾರದು.’

ಅವರು ಇನ್ನೊಮ್ಮೆ ಆ ಕೆಂಪು ದೀಪದ ಕಡೆ ನೋಡಿದರು. ಆಮೇಲೆ ಹಣೆಯ ಮೇಲಿದ್ದ ಕಪ್ಪು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, ಏನೂ ಕಾಣಲಿಲ್ಲ ಎಂದು ಬರೆದುಕೊಳ್ಳಿ ಎಂದರು. ನಾನು ಬರೆದುಕೊಂಡೆ. ರಕ್ಷಕ ತನ್ನ ಪುಸ್ತಕದಲ್ಲಿ ‘ದೋಷ ಗಂಭೀರವಾದುದು, ಪರಿಶೀಲನೆಯಲ್ಲಿದೆ’ ಎಂದು ನಮೂದಿಸಿ ಬಾನೆಟ್ಟಿಗೆ ಹೊಸ ಚೀಟಿ ಅಂಟಿಸಿದ. ಸಂಜೆಯಾಗುತ್ತಾ ಬಂದಿತ್ತು. ಸದಸ್ಯರು ಅಂಗಿಯ ತೋಳು ಮಡಿಸಿಕೊಂಡು ಕಾರಿನ ಹಿಂದೆ ಬಂದು ನಿಂತರು. ಮೇಷ್ಟ್ರು ಅತ್ತೆಯನ್ನು ಇಳಿಸಿಕೊಳ್ಳಲು ಬಾಗಿಲು ತೆರೆದರು, ಆದರೆ ದೊಡ್ಡಮ್ಮ ಇಳಿಯಲಿಲ್ಲ. ಪ್ರಯಾಣಿಕರಿಲ್ಲದೆ ಕಾರು ಹೋಗುವಂತಿಲ್ಲವಲ್ಲ ಎಂದು ಅವರೇ ನೆನಪಿಸಿ, ಬಾಗಿಲು ಎಳೆದುಕೊಂಡರು.

‘ಹೊತ್ತಾಯ್ತು, ಬೀಳ್ಕೊಡಿ’ ಎಂದರು. ‘ಕಾರು ಮನೆ ಸೇರಬೇಕು.’